ಹಲಗೆಗೆ ಕಟ್ಟಿದ ಗಾಯಾಳು ಯಾಕೆ ಚಡಪಡಿಸುತ್ತಾರೆ? ಮೆಣಸಿನ ಏಣಿಯಿಂದ ಬಿದ್ದ ಒಂದು ಪ್ರಕರಣ

ಫೆಬ್ರವರಿ ತಿಂಗಳು, ಕೊಡಗಿನ ನಾಪೋಕ್ಲು ಕಡೆಯ ಒಂದು ರೊಬಸ್ಟಾ ಕಾಫಿ ತೋಟ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕರಿಮೆಣಸು ಕೊಯ್ಯುತ್ತಿದ್ದ 46 ವರ್ಷದ ಕಾರ್ಮಿಕರೊಬ್ಬರು ಸುಮಾರು 14 ಅಡಿ ಎತ್ತರದಲ್ಲಿದ್ದಾಗ ಏಣಿ ಜಾರಿತು. ಬಲಗಾಲಿನ ಹಿಮ್ಮಡಿ ಮೊದಲು ನೆಲಕ್ಕೆ ಬಡಿಯಿತು. ಅಲ್ಲಿಂದ ಕುಕ್ಕರಿಸಿದಂತೆ ಕೂತು ಹಿಂದಕ್ಕೆ ಮಲಗಿದರು. ಪ್ರಜ್ಞೆ ತಪ್ಪಲಿಲ್ಲ. ಕಾಫಿ ಹೂವರಳಿಸುವ ಹೂಮಳೆಗೆ ಬದಲಾಗಿ ಸ್ಪ್ರಿಂಕ್ಲರ್ ಹಾಯಿಸಿದ್ದ ಜಾಗವಾದ್ದರಿಂದ ನೆಲ ಒದ್ದೆಯಿತ್ತು, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಆಗ ಹೊತ್ತು ಬೆಳಿಗ್ಗೆ 11.20.

ಈ ಪ್ರಕರಣ ಒಬ್ಬನೇ ರೋಗಿಯ ಕಡತದಿಂದ ತೆಗೆದದ್ದಲ್ಲ. ಮೆಣಸು ಕೊಯ್ಲಿನ ಕಾಲದಲ್ಲಿ ಕೊಡಗಿನಲ್ಲಿ ಆಗುವ ಬೀಳುವಿಕೆಗಳ ಲಕ್ಷಣಗಳನ್ನು ಕೂಡಿಸಿ, ಯಾರ ಗುರುತೂ ಸಿಗದಂತೆ ಒಂದು ಸನ್ನಿವೇಶವಾಗಿ ಬರೆದದ್ದು. ಮುರಿತಕ್ಕೆ ಮಾಡಿದ ಶಸ್ತ್ರಚಿಕಿತ್ಸೆ ಇಲ್ಲಿನ ವಿಷಯವಲ್ಲ. ಬಿದ್ದ ಜಾಗದಿಂದ ಮಡಿಕೇರಿಗೆ, ಅಲ್ಲಿಂದ ಮೈಸೂರಿಗೆ ಹೋಗುವ ತನಕ ಅಲುಗಾಡದಂತೆ ಕಟ್ಟಿಹಾಕಿದ ಆ ದೇಹಕ್ಕೆ ಏನಾಯಿತು, ಅದರಲ್ಲಿ ಎಷ್ಟನ್ನು ತಪ್ಪಿಸಬಹುದಿತ್ತು ಎಂಬುದಷ್ಟೇ ವಿಷಯ. ಕಟ್ಟಿದ್ದರಿಂದ ಆಗುವ ನೋವನ್ನು 'ಸ್ವಲ್ಪ ಹೊತ್ತು ತಡ್ಕೊಳ್ಳಿ' ಎಂದು ಬದಿಗಿಡುವುದು ತಪ್ಪು. ನೋವು ತಾಳಲಾರದವರು ಅಲುಗಾಡುತ್ತಾರೆ. ಅಲುಗಾಡಿದರೆ ಕಟ್ಟಿದ ಉದ್ದೇಶವೇ ಕೆಡುತ್ತದೆ.

ತೋಟದೊಳಗೆ ಆದದ್ದು

ಜೊತೆಯಲ್ಲಿದ್ದವರು ಮೊದಲು ಅವರನ್ನು ಎತ್ತಿ ಕೂರಿಸಿ ಜೀಪಿಗೆ ಹಾಕಲು ಹೊರಟರು. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಬೇಡವೆಂದು ತಡೆದರು. 108ಕ್ಕೆ ಕರೆ ಹೋಯಿತು. ಎರಡು ಬಿದಿರಿನ ಗಳಕ್ಕೆ ಗೋಣಿಚೀಲ ತೂರಿಸಿ ಡೋಲಿ ಮಾಡೋಣ ಎಂಬ ಮಾತೂ ಬಂತು, ಅದನ್ನೂ ಬಿಟ್ಟರು. ಬಿಟ್ಟದ್ದೇ ಒಳ್ಳೆಯದಾಯಿತು. ಗೋಣಿಯ ಡೋಲಿ ನಡುವಿನಲ್ಲಿ ಜೋತುಬೀಳುತ್ತದೆ, ಅದರಲ್ಲಿ ಮಲಗಿದವರ ಸೊಂಟ ಮುಂದಕ್ಕೆ ಮಡಚಿಕೊಳ್ಳುತ್ತದೆ. ಎದೆ ಮತ್ತು ಸೊಂಟ ಸೇರುವಲ್ಲಿ ಬೆನ್ನುಮೂಳೆ ಜಜ್ಜಿದ್ದರೆ ಅದಕ್ಕಿಂತ ಕೆಟ್ಟ ಭಂಗಿ ಇನ್ನೊಂದಿಲ್ಲ.

ಆಂಬುಲೆನ್ಸ್ 11.55ಕ್ಕೆ ತೋಟದ ಕಣದವರೆಗೆ ಬಂತು, ಅದರಿಂದಾಚೆಗೆ ದಾರಿಯಿಲ್ಲ. ಕಾಫಿ ಗಿಡಗಳ ನಡುವೆ ಇಳಿಜಾರಿನಲ್ಲಿ ಸುಮಾರು 300 ಮೀಟರ್ ಹೊತ್ತು ತರಬೇಕಾಯಿತು. ನಾಡಿ 104, ರಕ್ತದೊತ್ತಡ 118/76, ಉಸಿರಾಟ ನಿಮಿಷಕ್ಕೆ 22, ರಕ್ತದ ಆಮ್ಲಜನಕ ಶೇ. 97, ಪ್ರಜ್ಞೆಯ ಮಟ್ಟ ತೋರುವ ಜಿ.ಸಿ.ಎಸ್. ಅಂಕ 15ಕ್ಕೆ 15. ಎರಡೂ ಕಾಲಿನ ಬೆರಳು ಆಡುತ್ತಿದ್ದವು, ಮುಟ್ಟಿದ್ದು ತಿಳಿಯುತ್ತಿತ್ತು. ಬೆನ್ನಿನ ನಡುಭಾಗದಲ್ಲಿ ಮುಟ್ಟಿದರೆ ತೀವ್ರ ನೋವು. ಬಲ ಹಿಮ್ಮಡಿ ಅಗಲವಾಗಿ ಊದಿಕೊಂಡಿತ್ತು.

ಎತ್ತರದಿಂದ ಹಿಮ್ಮಡಿಯೂರಿ ಬಿದ್ದವರನ್ನು ಕಂಡ ಕೂಡಲೇ ಬೆನ್ನುಮೂಳೆಯ ನೆನಪಾಗಬೇಕು. ಹಿಮ್ಮಡಿ ಮೂಳೆ ಮುರಿದವರಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ ಬೆನ್ನುಮೂಳೆಯೂ ಮುರಿದಿರುತ್ತದೆ. ಕತ್ತು ನೋಯುತ್ತಿಲ್ಲವೆಂದು ಅವರು ಹೇಳಿದರೂ ಕತ್ತು ಅಲುಗದಂತೆ ಹಿಡಿಯುವ ಗಟ್ಟಿ ಕಾಲರ್ ಹಾಕಿದ್ದು ಸರಿಯೇ. ಮೂರು ಅಡಿಗಿಂತ ಹೆಚ್ಚು ಎತ್ತರದಿಂದ ಬಿದ್ದದ್ದು ಅಪಾಯದ ಬೀಳುವಿಕೆ ಎಂದೇ, ಕತ್ತಿನ ಎಕ್ಸ್‌ರೇ ಬೇಕೇ ಎಂದು ತೀರ್ಮಾನಿಸಲು ವೈದ್ಯರು ಬಳಸುವ ಕೆನಡಾದ ಕತ್ತಿನ ನಿಯಮ ಹೇಳುತ್ತದೆ. ಅದರ ಮೇಲೆ ಬೆನ್ನಿನ ಮತ್ತು ಹಿಮ್ಮಡಿಯ ನೋವು ಕತ್ತಿನ ನೋವನ್ನು ಮರೆಸಿರಬಹುದು.

ಗಟ್ಟಿ ಸ್ಪೈನ್ ಬೋರ್ಡ್, ಅಂದರೆ ಬೆನ್ನು ಅಲುಗದಂತೆ ಮಲಗಿಸಿ ಕಟ್ಟುವ ಹಲಗೆ, ಬಳಸಿದ್ದೂ ಆ ಇಳಿಜಾರಿಗೆ ಸರಿಯಿತ್ತು. ಆರು ಜನ ಹೊತ್ತರು, ಇಳಿಯುವಾಗ ಕಾಲು ಮುಂದೆ, ತಲೆ ಮೇಲ್ಗಡೆ. ತಪ್ಪಾದದ್ದು ಹೊರುವ ಮುಂಚಿನ ಐದು ನಿಮಿಷದಲ್ಲಿ ಮತ್ತು ಹೊತ್ತು ತಂದ ನಂತರದ ಒಂದು ಗಂಟೆಯಲ್ಲಿ. ಒದ್ದೆ ಅಂಗಿ ಮೈಮೇಲೇ ಉಳಿಯಿತು. ಜೇಬು ತಡವಿ ನೋಡಲಿಲ್ಲ. ಬೋರ್ಡಿನ ಮೇಲೆ ಒಂದು ಬೆಡ್‌ಶೀಟನ್ನೂ ಹಾಸಲಿಲ್ಲ. ಬಲಗಾಲಿಗೆ ಮೊಣಕಾಲಿನವರೆಗೆ ಎರಡು ಬಿದಿರು ಸೀಳು ಇಟ್ಟು ಕ್ರೇಪ್ ಬ್ಯಾಂಡೇಜನ್ನು ಬಿಗಿಯಾಗಿ ಸುತ್ತಿ, ಬೆರಳುಗಳನ್ನೂ ಮುಚ್ಚಿಬಿಟ್ಟರು. 12.10ಕ್ಕೆ ಪಟ್ಟಿ ಬಿಗಿದರು. ಆಂಬುಲೆನ್ಸ್‌ಗೆ ಹತ್ತಿಸಿದ ಮೇಲೆ ಬೋರ್ಡ್ ತೆಗೆಯಲಿಲ್ಲ.

ಆಂಬುಲೆನ್ಸ್‌ನಲ್ಲಿ ಶುರುವಾದ ಚಡಪಡಿಕೆ

ನಾಪೋಕ್ಲಿನಿಂದ ಮಡಿಕೇರಿಗೆ ಸುಮಾರು 20 ಕಿ.ಮೀ., ಉದ್ದಕ್ಕೂ ತಿರುವು ಮತ್ತು ಏರು. ಹೊರಟ ಇಪ್ಪತ್ತು ನಿಮಿಷಕ್ಕೆ ಅವರು ಸೊಂಟ ಎತ್ತತೊಡಗಿದರು. ಮೊದಲ ಮಾತು, 'ಅಣ್ಣಾ, ಕುಂಡೆ ಹತ್ರ ಉರೀತದೆ, ಸ್ವಲ್ಪ ಓರೆ ಮಾಡಿ.' ಆಮೇಲೆ ತಲೆಯ ಹಿಂಭಾಗ ಸಿಡಿಯುತ್ತದೆ ಎಂದರು. ದವಡೆ ನೋಯುತ್ತದೆ, ಉಸಿರು ತುಂಬಿ ಎಳೆಯಲು ಆಗುತ್ತಿಲ್ಲ, ಬಲಗಾಲು ಜುಂ ಎನ್ನುತ್ತದೆ ಎಂದೂ ಹೇಳಿದರು. ಕೊನೆಗೆ ವಾಂತಿ ಬರುವ ಹಾಗಾಗುತ್ತದೆ ಎಂದರು. ನಾಡಿ 118ಕ್ಕೆ ಏರಿತು. ಜೊತೆಗಿದ್ದ ಭಾವಮೈದ ಭುಜ ಒತ್ತಿಹಿಡಿದರು, ಎದೆಯ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿಯಲಾಯಿತು.

ಚಿಕಿತ್ಸೆಯಲ್ಲಿ ಅತ್ಯಂತ ಹೆಚ್ಚು ಕೆಟ್ಟದ್ದು ಈ ಹತ್ತು ನಿಮಿಷ. ತಲೆಯನ್ನು ಎರಡೂ ಬದಿಗಿಟ್ಟ ಬ್ಲಾಕುಗಳ ನಡುವೆ ಟೇಪು ಹಾಕಿ ನಿಲ್ಲಿಸಿದೆ, ಮುಂಡ ಮಾತ್ರ ಹೊರಳುತ್ತಿದೆ ಎಂದರೆ ತಿರುಚುವ ಬಲವೆಲ್ಲ ಕತ್ತಿನ ಮೇಲೆ ಬೀಳುತ್ತದೆ. ಭುಜ ಒತ್ತಿಹಿಡಿದಾಗ ಸೊಂಟ ಎತ್ತಿದರೆ ಬಾಗುವುದು ಎದೆ–ಸೊಂಟ ಸೇರುವ ಜಾಗ. ಇವರಲ್ಲಿ ಮುರಿದಿದ್ದದ್ದೇ ಅಲ್ಲಿ. ಬಲವಂತವಾಗಿ ಹಿಡಿಯುವುದಕ್ಕಿಂತ, ಅವರೇ ಬೇಕೆಂದು ಅಲ್ಲಾಡದೆ ಮಲಗುವ ಹಾಗೆ ಮಾಡುವುದು ಬೆನ್ನುಮೂಳೆಗೆ ಹೆಚ್ಚು ಸುರಕ್ಷಿತ.

ಚಡಪಡಿಕೆ ಕಂಡಾಗ ಮೊದಲು ಜೀವಕ್ಕೆ ಅಪಾಯ ತರುವುದನ್ನು ನೋಡಬೇಕು, ಅದಕ್ಕೆ ಒಂದು ನಿಮಿಷ ಸಾಕು. ಉಸಿರುದಾರಿ ತೆರೆದಿದೆಯೇ, ಆಮ್ಲಜನಕ ಇಳಿದಿದೆಯೇ, ಹೊಟ್ಟೆ ಗಟ್ಟಿಯಾಗುತ್ತಿದೆಯೇ, ಕೈಕಾಲು ತಣ್ಣಗೆ ಬೆವರಿವೆಯೇ, ಮಾತು ತೊದಲುತ್ತಿದೆಯೇ, ಸಕ್ಕರೆ ಅಂಶ ಎಷ್ಟಿದೆ. ಒಳಗೆ ರಕ್ತ ಸೋರುತ್ತಿದ್ದರೂ ನಾಡಿ 118 ಆಗುತ್ತದೆ, ಬರೀ ನೋವಿಗೂ ಆಗುತ್ತದೆ. ಇವರಲ್ಲಿ ರಕ್ತದೊತ್ತಡ 122/80, ಆಮ್ಲಜನಕ ಶೇ. 98, ಅಂಗೈ ಬೆಚ್ಚಗಿತ್ತು, ಹೊಟ್ಟೆ ಮೆತ್ತಗಿತ್ತು. ಹಾಗಾಗಿ ನೋವೇ ಕಾರಣ ಎಂದು ಹಿಡಿಯಬಹುದಿತ್ತು. ಆದರೆ 'ನೋವು' ಎಂಬ ಒಂದೇ ಹೆಸರಿನಡಿ ಇವರಲ್ಲಿ ಆರು ಬೇರೆಬೇರೆ ಕಾರಣಗಳಿದ್ದವು, ಅವುಗಳ ಪರಿಹಾರವೂ ಬೇರೆಬೇರೆ.

ಒಂದೊಂದೇ ದೂರು, ಒಂದೊಂದೇ ಕಾರಣ

ಸೊಂಟದ ಕೆಳಗಿನ ಉರಿ. ಮಲಗಿದ ದೇಹ ಚಪ್ಪಟೆ ಹಲಗೆಗೆ ತಾಗುವುದು ತಲೆಯ ಹಿಂಭಾಗ, ಹೆಗಲೆಲುಬು, ಮೊಣಕೈ, ಸೊಂಟದ ಕೆಳಗಿನ ತ್ರಿಕಾಸ್ಥಿ ಮತ್ತು ಹಿಮ್ಮಡಿಯಲ್ಲಿ ಮಾತ್ರ. ಚರ್ಮದ ಅತಿ ಸಣ್ಣ ರಕ್ತನಾಳಗಳನ್ನು ಮುಚ್ಚಲು ಸುಮಾರು 32 ಮಿ.ಮೀ. ಪಾದರಸದಷ್ಟು ಒತ್ತಡ ಸಾಕು ಎಂದು ಸಾಮಾನ್ಯವಾಗಿ ಲೆಕ್ಕ. ಹಾಸಿಗೆಯಿಲ್ಲದ ಹಲಗೆಯ ಮೇಲೆ ತ್ರಿಕಾಸ್ಥಿಯ ಕೆಳಗಿನ ಒತ್ತಡ ಅದಕ್ಕಿಂತ ಬಹಳ ಮೇಲಿರುತ್ತದೆ. ರಕ್ತ ನಿಂತ ಜಾಗ ಮೊದಲು ಉರಿಯುತ್ತದೆ, ಆಮೇಲೆ ಮರಗಟ್ಟುತ್ತದೆ. ಯಾವ ಗಾಯವೂ ಇಲ್ಲದ ಸ್ವಯಂಸೇವಕರನ್ನು ಅರ್ಧ ಗಂಟೆ ಹೀಗೆ ಕಟ್ಟಿ ಮಲಗಿಸಿದ 1994ರ ಒಂದು ಅಧ್ಯಯನದಲ್ಲಿ ಎಲ್ಲರಿಗೂ ನೋವು ಬಂತು: ತಲೆಯ ಹಿಂಭಾಗ, ಸೊಂಟ, ದವಡೆ. ಇವರ ದೂರುಗಳೂ ಹೆಚ್ಚುಕಡಿಮೆ ಅವೇ. ಬೆನ್ನುಹುರಿಗೆ ಏಟು ಬಿದ್ದು ಸ್ಪರ್ಶ ಹೋದವರು ಈ ದೂರನ್ನೂ ಹೇಳಲಾರರು ಎಂಬುದನ್ನು ಇಲ್ಲಿಯೇ ಹೇಳಬೇಕು. ಅವರ ಚರ್ಮ ಸದ್ದಿಲ್ಲದೆ ಸಾಯುತ್ತದೆ, ಮಲಗಿಸಿದವರೇ ಗಡಿಯಾರ ನೋಡಿಕೊಳ್ಳಬೇಕು.

ಇವರಲ್ಲಿ ಉರಿಗೆ ಇನ್ನೂ ಎರಡು ಕಾರಣಗಳಿದ್ದದ್ದು ಆಸ್ಪತ್ರೆಯಲ್ಲಿ ಬಟ್ಟೆ ಕತ್ತರಿಸಿದಾಗ ಗೊತ್ತಾಯಿತು. ಪ್ಯಾಂಟಿನ ಹಿಂಜೇಬಿನಲ್ಲಿ ಕಾರ್ಮಿಕರ ಲೈನ್ ಮನೆಯ ಬೀಗದ ಕೈ ಗೊಂಚಲು; ಅದರ ಅಚ್ಚು ಹಲ್ಲುಹಲ್ಲಾಗಿ ಚರ್ಮದ ಮೇಲೆ ಮೂಡಿತ್ತು. ಅಂಗಿಯೊಳಗೆ ಬೆನ್ನಿನ ಕೆಳಗೆ ಮೆಣಸಿನ ಗೊಂಚಲಿನ ತುಂಡು, ಮಣ್ಣು ಮತ್ತು ಇನ್ನೂ ಕಚ್ಚುತ್ತಿದ್ದ ಚಗಳಿ ಇರುವೆಗಳು. ಕೈ ಎರಡನ್ನೂ ಪಟ್ಟಿಯೊಳಗೆ ಸೇರಿಸಿ ಕಟ್ಟಿದ್ದರಿಂದ ಅವರು ಅವನ್ನು ಕೊಡವುವಂತಿರಲಿಲ್ಲ. ತೋಟದಲ್ಲಿ ಬಿದ್ದವರನ್ನು ಹಲಗೆಗೆ ಹಾಕುವ ಮುಂಚೆ ಮಾಡಬೇಕಾದ ಕೆಲಸ ಇದು: ಹಿಂಜೇಬು, ಸೊಂಟದ ಕತ್ತಿ ಕೊಕ್ಕೆ, ಮೆಣಸಿನ ಚೀಲ, ಬೆಲ್ಟಿನ ಬಕಲ್, ಮೊಬೈಲ್ ಎಲ್ಲ ಹೊರಗೆ. ಮಗ್ಗುಲಾಗಿಸಿದ ಆ ಹತ್ತು ಸೆಕೆಂಡಿನಲ್ಲಿ ಒಬ್ಬರು ಅಂಗೈಯಿಂದ ಬೆನ್ನನ್ನು ಮೇಲಿಂದ ಕೆಳಗೆ ಸವರಿ ಕಸ ತೆಗೆಯಬೇಕು. ಒದ್ದೆ ಬಟ್ಟೆಯನ್ನು ಕತ್ತರಿಸಿ ಎಳೆದುಬಿಡಬೇಕು. ಒದ್ದೆ ಚರ್ಮ ಬೇಗ ಕಿತ್ತುಹೋಗುತ್ತದೆ, ಚಳಿಗೆ ನಡುಗುವ ಸ್ನಾಯು ಮುರಿತದ ನೋವನ್ನು ಹೆಚ್ಚಿಸುತ್ತದೆ, ದೇಹ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದು ನಿಧಾನ.

ತಲೆನೋವು ಮತ್ತು ದವಡೆ ನೋವು. ತಲೆಯ ಕೆಳಗೆ ಏನೂ ಇಡದಿದ್ದರೆ ವಯಸ್ಕರ ಕತ್ತು ಹಿಂದಕ್ಕೆ ಬಾಗುತ್ತದೆ. ಹೆಚ್ಚಿನವರಿಗೆ 2–3 ಸೆಂ.ಮೀ. ದಪ್ಪದ ಮಡಚಿದ ಟವೆಲ್ ಬೇಕು. ಆಗ ಮುಖ ನೇರವಾಗಿ ಚಾವಣಿ ನೋಡುತ್ತದೆ, ಕಿವಿಯ ತೂತು ಭುಜದ ನೇರಕ್ಕೆ ಬರುತ್ತದೆ. ಬೆನ್ನು ಗೂನಾದ ಹಿರಿಯರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ಅವರ ತಲೆಯನ್ನು ಹಲಗೆಗೆ ತಾಗಿಸಲು ಒತ್ತಿದರೆ ಕತ್ತು ಅಲ್ಲೇ ಮುರಿಯಬಹುದು. ಎಂಟು ವರ್ಷದೊಳಗಿನ ಮಕ್ಕಳಲ್ಲಿ ಲೆಕ್ಕ ತಿರುಗುಮುರುಗು. ಮೈಗಿಂತ ತಲೆ ದೊಡ್ಡದಿರುವುದರಿಂದ ಟವೆಲ್ ಹಾಕಬೇಕಾದದ್ದು ಭುಜ ಮತ್ತು ಬೆನ್ನಿನ ಕೆಳಗೆ.

ದವಡೆ ನೋವು ಕಾಲರ್‌ನದು. ಅಳತೆ ತೆಗೆಯುವುದು ಭುಜದ ಮೇಲಂಚಿನಿಂದ ಗದ್ದದ ಕೆಳಗಿನ ರೇಖೆಯವರೆಗೆ ಬೆರಳುಗಳನ್ನು ಅಡ್ಡವಿಟ್ಟು; ಅಷ್ಟೇ ಬೆರಳು ಕಾಲರ್‌ನ ಗಟ್ಟಿ ಪ್ಲಾಸ್ಟಿಕ್ ಅಂಚಿಗೆ ಹೊಂದಬೇಕು. ಇವರಿಗೆ ಹಾಕಿದ್ದು ಬೇಕಾದ್ದಕ್ಕಿಂತ ಒಂದು ಅಳತೆ ಹೆಚ್ಚು ಎತ್ತರದ್ದು. ಗದ್ದ ಮೇಲಕ್ಕೆ ತಳ್ಳಿತ್ತು, ಬಾಯಿ ತೆರೆಯಲು ಆಗುತ್ತಿರಲಿಲ್ಲ, ವಾಂತಿ ಬಂದಿದ್ದರೆ ಶ್ವಾಸನಾಳಕ್ಕೇ ಹೋಗುತ್ತಿತ್ತು. ಬಿಗಿ ಕಾಲರ್ ಕತ್ತಿನ ಸಿರೆಗಳನ್ನು ಒತ್ತಿ ತಲೆಯೊಳಗಿನ ಒತ್ತಡವನ್ನೂ ಏರಿಸುತ್ತದೆ. ತಲೆಗೆ ಪೆಟ್ಟಾದವರಲ್ಲಿ ಇದಕ್ಕೆ ಬೆಲೆ ತೆರಬೇಕಾಗುತ್ತದೆ. ಅಂಥವರಲ್ಲಿ ಬ್ಲಾಕುಗಳು ತಲೆಯನ್ನು ಹಿಡಿದಿವೆ ಎಂದು ಖಚಿತಪಡಿಸಿಕೊಂಡು ಕಾಲರನ್ನು ಸಡಿಲಿಸುವುದು ಒಪ್ಪಿತ ಕ್ರಮ.

ಉಸಿರು ಕಟ್ಟಿದಂತಾದದ್ದು. ಎದೆಯ ಪಟ್ಟಿ ಕೆಳಗಿನ ಪಕ್ಕೆಲುಬು ಮತ್ತು ಮೇಲ್ಹೊಟ್ಟೆಯ ಮೇಲೆ ಬಂದಿತ್ತು. ಬಿಗಿಯುವಾಗ ಅವರು ಉಸಿರು ಬಿಟ್ಟ ಸ್ಥಿತಿಯಲ್ಲಿದ್ದರು, ಆಮೇಲೆ ಎದೆ ಹಿಗ್ಗಲು ಜಾಗವೇ ಇಲ್ಲ. ಪಟ್ಟಿ ಕಂಕುಳ ಮಟ್ಟದಲ್ಲಿರಬೇಕು. ರೋಗಿಗೆ ಉಸಿರು ಪೂರ್ತಿ ಒಳಗೆಳೆದುಕೊಳ್ಳಲು ಹೇಳಿ, ಆಗ ಬಿಗಿಯಬೇಕು. ಬಿಗಿದ ಮೇಲೆ ಅಂಗೈ ಚಪ್ಪಟೆಯಾಗಿ ಒಳಗೆ ಹೋಗಬೇಕು. ತೂಕ ಹಿಡಿಯಬೇಕಾದ ಪಟ್ಟಿ ಸೊಂಟದ ಮೂಳೆಯ ಮೇಲಿನದು ಮತ್ತು ತೊಡೆಯದು, ಹೊಟ್ಟೆಯದಲ್ಲ. ಕಟಿಮೂಳೆ ಮುರಿದಿರುವ ಅನುಮಾನವಿದ್ದರೆ ಅಲ್ಲಿ ಪಟ್ಟಿ ಬಿಗಿಯುವುದು ಬೇಡ. ತೊಡೆಯ ಮೇಲ್ಗಂಟಿನ ಮಟ್ಟಕ್ಕೆ ಬೈಂಡರ್ ಅಥವಾ ಅಗಲ ಮಡಚಿದ ಬೆಡ್‌ಶೀಟ್ ಸುತ್ತಬೇಕು. ಕಟ್ಟುವ ಕ್ರಮ ಎಂದೂ ಮುಂಡ ಮೊದಲು, ತಲೆ ಕೊನೆಗೆ. ಬಿಚ್ಚುವಾಗ ತಲೆ ಮೊದಲು. ಇದನ್ನು ತಿರುವುಮುರುವು ಮಾಡಿದರೆ ತಲೆ ನಿಂತು ಮೈ ಓಲಾಡುತ್ತದೆ.

ಬಲಗಾಲು ಜುಂ ಎಂದದ್ದು. ಆರರಲ್ಲಿ ಅತ್ಯಂತ ಅಪಾಯದ ದೂರು ಇದೇ, ಅತ್ಯಂತ ಮೆಲ್ಲಗೆ ಹೇಳಿದ್ದೂ ಇದನ್ನೇ. ಹಿಮ್ಮಡಿ ಮುರಿದ ಪಾದ ಮೊದಲ ಗಂಟೆಗಳಲ್ಲಿ ವೇಗವಾಗಿ ಊದುತ್ತದೆ. ಕಟ್ಟುವಾಗ ಹದವೆನಿಸಿದ ಬ್ಯಾಂಡೇಜ್ 12.40ಕ್ಕೆ ಹಗ್ಗವಾಗುತ್ತದೆ. ಪಾದದ ಸ್ನಾಯುಗಳ ಸುತ್ತಲಿನ ಗಟ್ಟಿ ಪೊರೆ ಹಿಗ್ಗದು. ಒಳಗಿನ ಒತ್ತಡ ಏರಿ ಸ್ನಾಯು ಸಾಯುವ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಹಿಮ್ಮಡಿ ಮುರಿತದಲ್ಲಿ ತಿಳಿದಿರುವ ತೊಡಕು. ಗಾಯದ ಗಾತ್ರಕ್ಕೆ ಮೀರಿದ ನೋವು, ಬೆರಳನ್ನು ನಾವು ಮೆಲ್ಲಗೆ ಮೇಲಕ್ಕೆತ್ತಿದರೆ ಜೀವ ಹೋಗುವಂಥ ನೋವು, ಜೋಮು, ಇವೇ ಮೊದಲ ಸೂಚನೆಗಳು. ನಾಡಿ ಸಿಗುತ್ತಿದೆ ಎಂದು ಸಮಾಧಾನಪಡಬಾರದು, ಅದು ಹೋಗುವುದು ಕೊನೆಗೆ. ಬೆರಳುಗಳನ್ನು ಮುಚ್ಚಿಬಿಟ್ಟಿದ್ದರಿಂದ ಬಣ್ಣ ನೋಡುವ ದಾರಿಯೂ ಇರಲಿಲ್ಲ.

ಇಂಥ ಕಾಲಿಗೆ ಬಿದಿರು ಸೀಳಿಗಿಂತ ದಿಂಬು ಒಳ್ಳೆಯದು. ಒಂದು ಮೆತ್ತನೆ ದಿಂಬನ್ನು ಪಾದ ಮತ್ತು ಕಣಕಾಲಿನ ಸುತ್ತ ತೊಟ್ಟಿಲಿನಂತೆ ಮಡಚಿ, ಅಗಲ ಬಟ್ಟೆಪಟ್ಟಿಯಿಂದ ಮೂರು ಕಡೆ ಕಟ್ಟಿ, ಬೆರಳು ಹೊರಗೆ ಬಿಟ್ಟರೆ ಮುರಿತ ಅಲುಗದು, ಊತಕ್ಕೂ ಜಾಗ ಸಿಗುತ್ತದೆ. ಸೀಳು ಹಾಕಲೇಬೇಕಾದರೆ ಕಣಕಾಲಿನ ಎರಡೂ ಗಂಟಿಗೆ ಮತ್ತು ಮೊಣಕಾಲಿನ ಹೊರಬದಿಯ ಗಂಟಿಗೆ ಹತ್ತಿ ಇಡಬೇಕು. ಆ ಹೊರಗಂಟಿನ ಸುತ್ತಲೇ ಪಾದ ಎತ್ತುವ ನರ ಹಾದುಹೋಗುತ್ತದೆ. ಅದು ಒತ್ತಿದರೆ ಮುರಿತ ಕೂಡಿದ ಮೇಲೂ ಪಾದ ಜೋತುಬಿದ್ದೇ ಇರಬಹುದು. ಕಟ್ಟುವ ಮುಂಚೆ ಮತ್ತು ಕಟ್ಟಿದ ಮೇಲೆ ನಾಡಿ, ಸ್ಪರ್ಶ, ಚಲನೆ ಮೂರನ್ನೂ ನೋಡಿ ಹೊತ್ತಿನೊಂದಿಗೆ ಬರೆಯಬೇಕು.

ವಾಂತಿಯ ಭಾವನೆ ಬೇಗ ಮುಗಿಸಬಹುದಾದ ವಿಷಯ. ಚಾವಣಿ ಬಿಟ್ಟು ಬೇರೇನೂ ಕಾಣದೆ ಘಾಟಿಯ ತಿರುವಿನಲ್ಲಿ ಮಲಗಿದರೆ ಆರೋಗ್ಯವಂತರಿಗೂ ಹೊಟ್ಟೆ ತೊಳೆಸುತ್ತದೆ. ಬಾಯಿಯೊಳಗಿನದನ್ನು ಎಳೆದು ತೆಗೆಯುವ ಸಕ್ಷನ್ ಯಂತ್ರ ಕೈಗೆಟುಕುವಲ್ಲಿ ಚಾಲೂ ಸ್ಥಿತಿಯಲ್ಲಿರಬೇಕು. ವಾಂತಿ ಬಂದರೆ ಇಡೀ ಹಲಗೆಯನ್ನೇ ಮಗ್ಗುಲಿಗೆ ವಾಲಿಸಲು ಇಬ್ಬರು ತಯಾರಿರಬೇಕು. ಪಟ್ಟಿಗಳು ಸರಿಯಿದ್ದರೆ ಮಾತ್ರ ಅದು ಸಾಧ್ಯ. ತಿರುವು, ಉಬ್ಬು ಬರುವ ಮುಂಚೆ ಒಂದು ಮಾತು ಹೇಳುವುದು, ಅದೂ ಅವರ ಕಣ್ಣಿಗೆ ಕಾಣುವಂತೆ ಮುಖದ ಮೇಲೆ ಬಗ್ಗಿ ಹೇಳುವುದು ಬಹಳ ಉಪಕಾರ ಮಾಡುತ್ತದೆ. ತಲೆ ಕಟ್ಟಿರುವವರಿಗೆ ಬದಿಯಿಂದ ಮಾತಾಡಿದರೆ ಅವರು ತಿರುಗಲು ನೋಡುತ್ತಾರೆ. ಕೊಡಗಿನ ತೋಟಗಳಲ್ಲಿ ಯರವ, ಮಲಯಾಳ, ತುಳು, ಕೊಡವ ತಕ್ಕ್, ಈಗೀಗ ಅಸ್ಸಾಮಿ ಮಾತಾಡುವವರೂ ಇದ್ದಾರೆ. ಭಾಷೆ ಬಾರದಿದ್ದರೆ ಜೊತೆಗೆ ಬಂದವರನ್ನು ತಲೆಯ ಬಳಿ ಕೂರಿಸಬೇಕು, ಕಾಲಿನ ಬಳಿ ಅಲ್ಲ.

ಆರನೆಯದನ್ನು ಅವರು ಹೇಳಲೇ ಇಲ್ಲ. ಬೆಳಿಗ್ಗೆಯಿಂದ ಮೂತ್ರಕ್ಕೆ ಹೋಗಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ನೇರವಾಗಿ, 'ಅಣ್ಣಾ, ಒಂದಕ್ಕೆ ಹೋಗ್ಬೇಕಾ?' ಎಂದು ಕೇಳಿದಾಗ ತಲೆಯಾಡಿಸಲು ಆಗದೆ ಕಣ್ಣು ಮುಚ್ಚಿ ಹೂಂ ಎಂದರು. ತುಂಬಿದ ಮೂತ್ರಕೋಶ ಚಡಪಡಿಕೆಗೆ ಎಷ್ಟು ದೊಡ್ಡ ಕಾರಣವೋ ಅಷ್ಟೇ ಮರೆತುಹೋಗುವ ಕಾರಣ. ಹೆಂಗಸರಲ್ಲಿ ಸಂಕೋಚ ಇನ್ನೂ ಹೆಚ್ಚು, ಅಲ್ಲಿ ಹೆಂಗಸರೇ ಕೇಳಬೇಕು. ಬೆನ್ನುಮೂಳೆಗೆ ಏಟಾದವರಲ್ಲಿ ಈ ಪ್ರಶ್ನೆಗೆ ಇನ್ನೊಂದು ಅರ್ಥವೂ ಇದೆ: ತುಂಬಿದ್ದರೂ ಹೋಗಬೇಕೆನ್ನಿಸದಿದ್ದರೆ ಬೆನ್ನುಹುರಿಯ ನರಗಳಿಗೆ ಪೆಟ್ಟಾಗಿರಬಹುದು.

ಮಡಿಕೇರಿಯಲ್ಲಿ ಬದಲಾಯಿಸಿದ್ದು

1.05ಕ್ಕೆ ಆಸ್ಪತ್ರೆ ಸೇರಿದರು, 1.25ಕ್ಕೆ ಬೋರ್ಡ್ ತೆಗೆಯಲಾಯಿತು. ಎಕ್ಸ್‌ರೇ ಆಗುವ ತನಕ ಹಲಗೆ ಇರಲಿ ಎಂಬ ಹಳೆಯ ರೂಢಿ ಇನ್ನೂ ಅಲ್ಲಲ್ಲಿ ಇದೆ, ಅದಕ್ಕೆ ಆಧಾರವಿಲ್ಲ. ಹಲಗೆ ಇರುವುದು ಬಿಡಿಸಿ ತರುವುದಕ್ಕೆ ಮತ್ತು ಹೊರುವುದಕ್ಕೆ. ಸಮತಟ್ಟಾದ, ಗಟ್ಟಿ ಹಾಸಿಗೆಯ ಟ್ರಾಲಿಯ ಮೇಲೆ ನೇರ ಮಲಗಿಸಿ, ಕಾಲರ್ ಮತ್ತು ಪಟ್ಟಿ ಉಳಿಸಿಕೊಂಡರೆ ಬೆನ್ನುಮೂಳೆಗೆ ಸಿಗುವ ರಕ್ಷಣೆ ಕಡಿಮೆಯೇನಲ್ಲ. ಅಮೆರಿಕದ ತುರ್ತು ವೈದ್ಯರ ಮತ್ತು ಶಸ್ತ್ರವೈದ್ಯರ ಸಂಘಟನೆಗಳು 2018ರ ಜಂಟಿ ಹೇಳಿಕೆಯಲ್ಲಿ 'ಅಚಲಗೊಳಿಸುವುದು' ಎಂಬ ಮಾತನ್ನೇ ಬಿಟ್ಟು 'ಬೆನ್ನುಮೂಳೆಯ ಚಲನೆ ಮಿತಿಗೊಳಿಸುವುದು' ಎಂದದ್ದು ಇದೇ ತಿಳುವಳಿಕೆಯಿಂದ.

ತೆಗೆಯಲು ಐದು ಜನ ನಿಂತರು. ತಲೆ ಹಿಡಿದವರ ಮಾತೇ ಆಜ್ಞೆ. ಭುಜ, ಸೊಂಟ, ಕಾಲಿಗೆ ಒಬ್ಬೊಬ್ಬರು. ಐದನೆಯವರು ಬೆನ್ನು ನೋಡಿ ಹಲಗೆ ಎಳೆಯಲು. ಮುರಿದ ಬಲಗಾಲು ಮೇಲೆ ಬರುವಂತೆ ಎಡ ಮಗ್ಗುಲಿಗೆ ಹೊರಳಿಸಿದರು. 'ಮೂರು ಎಂದಾಗ ತಿರುಗಿಸುವುದು' ಎಂದು ಮೊದಲೇ ಹೇಳಿಕೊಂಡದ್ದರಿಂದ ಯಾರೂ ಎರಡಕ್ಕೇ ಎಳೆಯಲಿಲ್ಲ. ಸ್ಕೂಪ್ ಸ್ಟ್ರೆಚರ್ ಇದ್ದಿದ್ದರೆ ಇಷ್ಟು ಹೊರಳಿಸಬೇಕಾಗಿರಲಿಲ್ಲ. ಅದು ಉದ್ದಕ್ಕೆ ಎರಡು ಹೋಳಾಗುತ್ತದೆ, ಎರಡೂ ಬದಿಯಿಂದ ಸ್ವಲ್ಪವೇ ಓರೆಮಾಡಿ ತೂರಿಸಿ ಕೊಂಡಿ ಹಾಕಬಹುದು, ಹಾಗೆಯೇ ಬಿಡಿಸಿ ತೆಗೆಯಬಹುದು. ಕೊಂಡಿ ಕೂಡಿಸುವಾಗ ಚರ್ಮ, ಅಂಗಿ ಸಿಕ್ಕಿಕೊಳ್ಳದಂತೆ ನೋಡಬೇಕು, ಅಷ್ಟೇ.

ತ್ರಿಕಾಸ್ಥಿಯ ಮೇಲೆ ಅಂಗೈಯಗಲ ಕೆಂಪು. ಬೆರಳಿಟ್ಟು ಒತ್ತಿ ಬಿಟ್ಟರೂ ಬಿಳಚಿಕೊಳ್ಳಲಿಲ್ಲ. ಎಡ ಹಿಮ್ಮಡಿ, ಅಂದರೆ ಗಾಯವಾಗದ ಕಾಲಿನದು, ಅದೇ ಸ್ಥಿತಿಯಲ್ಲಿತ್ತು. ಎಪ್ಪತ್ತೈದು ನಿಮಿಷಕ್ಕೇ ಇಷ್ಟು. ಬಲಗಾಲಿನ ಬ್ಯಾಂಡೇಜನ್ನು ಬಿಚ್ಚುತ್ತಾ ಕೂರದೆ ಉದ್ದಕ್ಕೆ ಒಂದೇ ಗೆರೆಯಲ್ಲಿ ಕತ್ತರಿಸಿ, ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಕತ್ತರಿಸಿದರು. ನೀಲಿಗಟ್ಟಿದ್ದ ಬೆರಳಿಗೆ ಕೆಲವೇ ನಿಮಿಷದಲ್ಲಿ ಬಣ್ಣ ಬಂತು, ಜೋಮು ಇಳಿಯಿತು. ಇಳಿಯದಿದ್ದರೆ ಅದು ಕಾಯುವ ಹೊತ್ತಲ್ಲ, ಮೂಳೆ ಶಸ್ತ್ರವೈದ್ಯರನ್ನು ಆ ಕ್ಷಣವೇ ಕರೆಯಬೇಕು. ಊತ ಇಳಿಸಲು ಕಾಲನ್ನು ಎತ್ತರಕ್ಕೆ ಏರಿಸುವುದೂ ಇಂಥಲ್ಲಿ ತಪ್ಪು. ಒಳಒತ್ತಡ ಏರಿದ ಪಾದಕ್ಕೆ ಹೃದಯದ ಮಟ್ಟವೇ ಸರಿ. ಅದಕ್ಕಿಂತ ಮೇಲೆತ್ತಿದರೆ ಬರುವ ರಕ್ತವೂ ಕಡಿಮೆಯಾಗುತ್ತದೆ.

ಔಷಧ ಆಮೇಲೆ ಬಂತು. 58 ಕೆ.ಜಿ. ತೂಕಕ್ಕೆ ಪ್ಯಾರಾಸಿಟಮಾಲ್ 1 ಗ್ರಾಂ ರಕ್ತನಾಳದ ಮೂಲಕ 15 ನಿಮಿಷದಲ್ಲಿ. ಬಲವಾದ ನೋವುನಿವಾರಕ ಫೆಂಟನಿಲ್ 50 ಮೈಕ್ರೊಗ್ರಾಂ ನಿಧಾನವಾಗಿ, ರೋಗಿ ಹತ್ತಕ್ಕೆ ಎಷ್ಟೆಂದು ಹೇಳುವ ನೋವಿನ ಅಂಕ ನೋಡಿ ಇನ್ನೊಂದು 25. ಪ್ರತಿ ಡೋಸಿನ ಮುಂಚೆ ಮತ್ತು ನಂತರ ಕಾಲಿನ ಶಕ್ತಿ, ಸ್ಪರ್ಶ, ಪ್ರಜ್ಞೆಯನ್ನು ಪರೀಕ್ಷಿಸಿ ಬರೆದರು. ಇವೆಲ್ಲ ವೈದ್ಯರ ಆದೇಶದ ಮೇಲೆ, ಆಮ್ಲಜನಕ ಮಾಪಕ ಹಚ್ಚಿಟ್ಟುಕೊಂಡು ಕೊಡುವಂಥವು. ನಮ್ಮಲ್ಲಿ ಕೈಗೆ ಮೊದಲು ಬರುವ ಡೈಕ್ಲೋಫೆನಾಕ್ ಸೂಜಿಯನ್ನು ಇಲ್ಲಿ ಕೊಡಲಿಲ್ಲ. ಒಳಗೆ ರಕ್ತ ಸೋರುತ್ತಿಲ್ಲ ಎಂದು ಇನ್ನೂ ಖಚಿತವಾಗಿರಲಿಲ್ಲ. ಅದು ರಕ್ತದ ಕಿರುಬಿಲ್ಲೆಗಳನ್ನೂ (ಪ್ಲೇಟ್‌ಲೆಟ್) ಮೂತ್ರಪಿಂಡವನ್ನೂ ಕಾಡುವ ಔಷಧ. ಇನ್ನೊಂದು ನೋವುನಿವಾರಕ ಟ್ರಮಡಾಲ್ ಬೇಡವೆಂದದ್ದು ವಾಂತಿಯ ಭಯಕ್ಕೆ.

ನೋವಿನ ಅಂಕ ಬಂದಾಗ 9 ಇತ್ತು. ಹಲಗೆ ತೆಗೆದು, ಬ್ಯಾಂಡೇಜ್ ಕತ್ತರಿಸಿ, ಕಾಲರ್ ಅಳತೆ ಬದಲಿಸಿ, ಮಲಗಿದಲ್ಲೇ ಮೂತ್ರದ ಪಾತ್ರೆ ಕೊಟ್ಟು, ಒಣ ಕಂಬಳಿ ಹೊದೆಸಿದ ಮೇಲೆ, ಇನ್ನೂ ಯಾವ ಸೂಜಿಯನ್ನೂ ಕೊಡುವ ಮುಂಚೆ, ಅದು 6ಕ್ಕೆ ಇಳಿದಿತ್ತು. ಔಷಧದ ನಂತರ 3. ಉಳಿದ ಆ 6ರಷ್ಟು ನೋವು ಮುರಿತದ್ದು. ಅದಕ್ಕಿಂತ ಮೇಲಿನದೆಲ್ಲ ಕಟ್ಟಿದ್ದರದ್ದು. ಕಟ್ಟಿದ್ದರ ನೋವಿಗೆ ಫೆಂಟನಿಲ್ ಹಾಕುತ್ತಾ ಹೋದರೆ ಡೋಸು ಏರುತ್ತದೆ, ಉಸಿರು ನಿಧಾನವಾಗುತ್ತದೆ, ಬ್ಯಾಂಡೇಜಿನೊಳಗೆ ಸಾಯುತ್ತಿರುವ ಪಾದದ ಕೂಗು ಅಡಗಿಹೋಗುತ್ತದೆ.

ಸಿ.ಟಿ.ಯಲ್ಲಿ ಕತ್ತು ಸರಿಯಿತ್ತು. ಬೆನ್ನುಮೂಳೆಯ ಸೊಂಟದ ಭಾಗದ ಮೊದಲ ಮೂಳೆ ಜಜ್ಜಿ ಒಡೆದಿತ್ತು, ನರಕ್ಕೆ ಪೆಟ್ಟಿಲ್ಲ. ಬಲ ಹಿಮ್ಮಡಿ ಮುರಿದಿತ್ತು. ವರದಿ ನೋಡಿ, ಎಚ್ಚರವಿರುವ ರೋಗಿಯ ಕತ್ತನ್ನು ಮುಟ್ಟಿ ಪರೀಕ್ಷಿಸಿ, ಅಲ್ಲಿಯೇ ಕಾಲರ್ ತೆಗೆದರು. ಮೈಸೂರಿಗೆ ಕಳಿಸುತ್ತೇವಲ್ಲ, ದಾರಿಗಿರಲಿ ಎಂದು ಹಾಗೆಯೇ ಬಿಡುವುದುಂಟು. ಅಗತ್ಯ ಮುಗಿದ ಕಾಲರ್ ಮೂರು ಗಂಟೆ ಗದ್ದ ಒತ್ತುವುದಲ್ಲದೆ ಬೇರೇನೂ ಮಾಡದು.

ಮೈಸೂರಿನ ದಾರಿಗೆ ತಯಾರಿ

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಸುಂಟಿಕೊಪ್ಪ ದಾಟಿ ಕುಶಾಲನಗರ ತಲುಪುವವರೆಗೆ ಇಳಿಜಾರು ಮತ್ತು ತಿರುವು. ಆಮೇಲೆ ಪಿರಿಯಾಪಟ್ಟಣ, ಹುಣಸೂರಿನ ಕಡೆ ನೇರ ರಸ್ತೆ. ಹೊರಡುವಾಗ ಸಂಜೆಯಾಗಿತ್ತು, ಚಳಿ ಏರತೊಡಗಿತ್ತು.

ವ್ಯಾಕ್ಯೂಮ್ ಮ್ಯಾಟ್ರೆಸ್ ಇದ್ದರೆ ಇಷ್ಟು ದೂರಕ್ಕೆ ಅದಕ್ಕಿಂತ ಒಳ್ಳೆಯ ಹಾಸು ಇಲ್ಲ. ಒಳಗಿನ ಸಣ್ಣ ಗುಳಿಗೆಗಳು ಮೈಯ ಉಬ್ಬುತಗ್ಗಿಗೆ ಹೊಂದಿಕೊಳ್ಳುತ್ತವೆ, ಪಂಪಿನಿಂದ ಗಾಳಿ ಎಳೆದ ಮೇಲೆ ಆ ಆಕಾರದಲ್ಲೇ ಗಟ್ಟಿಯಾಗುತ್ತವೆ, ಒತ್ತಡ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಗಾಳಿ ಎಳೆದಾಗ ಅದು ಉದ್ದದಲ್ಲಿ ಸ್ವಲ್ಪ ಕುಗ್ಗುವುದರಿಂದ ಪಟ್ಟಿಗಳನ್ನು ಮತ್ತೊಮ್ಮೆ ನೋಡಬೇಕು. ತೂತು ಬಿದ್ದರೆ ದಾರಿಯಲ್ಲೇ ಮೆತ್ತಗಾಗುತ್ತದೆ, ಹಾಗಾಗಿ ಮುಳ್ಳು, ಬೇಲಿತಂತಿಯ ಜಾಗದಲ್ಲಿ ಬಿಡಿಸಬಾರದು.

ಇಲ್ಲಿ ಅದು ಇರಲಿಲ್ಲ. ಟ್ರಾಲಿಯ ಫೋಮ್ ಹಾಸಿಗೆಯ ಮೇಲೆ ಒಂದು ಕಂಬಳಿಯನ್ನು ನಾಲ್ಕು ಪದರ ಮಾಡಿ ಸುಕ್ಕಿಲ್ಲದೆ ಹಾಸಿದರು. ತಲೆಗೆ ಎರಡು ಸೆಂಟಿಮೀಟರಿನ ಟವೆಲ್. ಸೊಂಟದ ಹಿಂದಿನ ಟೊಳ್ಳಿಗೆ ಕೈಟವೆಲ್ ಮಡಿಕೆ. ಅದು ಟೊಳ್ಳನ್ನು ತುಂಬಬೇಕು, ಬೆನ್ನನ್ನು ಎತ್ತಬಾರದು. ಬದಿಯಿಂದ ಚಪ್ಪಟೆ ಅಂಗೈ ಒತ್ತಿಕೊಂಡು ಒಳಹೋಗುವಷ್ಟಿದ್ದರೆ ಹದ. ಮೊಣಕಾಲಿನ ಕೆಳಗೆ ಐದು ಸೆಂಟಿಮೀಟರಿನ ಮಡಿಕೆ, ಅದಕ್ಕಿಂತ ಎತ್ತರವಾದರೆ ಸೊಂಟ ಮಡಚುತ್ತದೆ. ಎಡಗಾಲಿನ ಮೀನಖಂಡದ ಕೆಳಗೆ ಉದ್ದಕ್ಕೂ ಬಟ್ಟೆಯಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿದರು. ಬಟ್ಟೆ ಹಿಮ್ಮಡಿಯ ಸ್ನಾಯುರಜ್ಜುವಿನ ಕೆಳಗೆ ಬಂದರೆ ಒತ್ತಡ ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ. ಬಲಗಾಲು ದಿಂಬಿನ ತೊಟ್ಟಿಲಲ್ಲಿ. ಕೈಗಳನ್ನು ಪಟ್ಟಿಯ ಹೊರಗೆ ಬಿಟ್ಟರು; ಮೂಗು ಕೆರೆದುಕೊಳ್ಳಲು ಆದರೂ ಮನುಷ್ಯ ಅರ್ಧ ಸಮಾಧಾನವಾಗುತ್ತಾನೆ.

ಘಾಟಿ ಶುರುವಾಗುವ ಮುಂಚೆ ವಾಂತಿ ತಡೆಯುವ ಒಂಡಾನ್ಸೆಟ್ರಾನ್ 4 ಮಿ.ಗ್ರಾಂ ಕೊಟ್ಟರು. ಚಾಲಕರಿಗೆ ಹೇಳಿದ್ದು ಇಷ್ಟೇ: ತಿರುವಿನ ಒಳಗೆ ಬ್ರೇಕ್ ಬೇಡ, ತಿರುವಿಗೆ ಮುಂಚೆ ನಿಧಾನಿಸಿ, ಹಂಪ್‌ಗೆ ಒಂದು ಮಾತು ಹೇಳಿ. ಇಳಿಜಾರಿನಲ್ಲಿ ಮೈ ಕೆಳಗೆ ಜಾರದಂತೆ ಎರಡು ಭುಜದ ಪಟ್ಟಿಗಳನ್ನು ಎದೆಯ ಮೇಲೆ ಅಡ್ಡಹಾಯಿಸಿ ಟ್ರಾಲಿಗೆ ಬಿಗಿದಿದ್ದರು. ಜಾರುವಾಗ ಹಾಸಿಗೆಗೂ ಚರ್ಮಕ್ಕೂ ಆಗುವ ಉಜ್ಜಾಟ ಬರೀ ಒತ್ತಡಕ್ಕಿಂತ ಬೇಗ ಹುಣ್ಣು ಮಾಡುತ್ತದೆ.

ಕುಶಾಲನಗರದಲ್ಲಿ ಸಮತಟ್ಟಿನಲ್ಲಿ ಐದು ನಿಮಿಷ ನಿಂತರು. ಬೆರಳಿನ ಬಣ್ಣ, ಜೋಮು, ಬೆರಳು ಎತ್ತಿದರೆ ನೋವು ಇದೆಯೇ, ಪಟ್ಟಿಯೊಳಗೆ ಅಂಗೈ ಹೋಗುತ್ತದೆಯೇ, ಮೂತ್ರ, ಕಂಬಳಿ, ನೋವಿನ ಅಂಕ. ಹುಣಸೂರಿನಲ್ಲಿ ಮತ್ತೊಮ್ಮೆ. ಅಂಕ 3ರಿಂದ 5ಕ್ಕೆ ಏರಿತ್ತು. ಮೊದಲು ಸೊಂಟದ ಮಡಿಕೆ ಜಾರಿದ್ದನ್ನು ಸರಿಮಾಡಿದರು, ಆಮೇಲೆ ಬರೆದುಕೊಟ್ಟಿದ್ದ 25 ಮೈಕ್ರೊಗ್ರಾಂ ಫೆಂಟನಿಲ್ ಕೊಟ್ಟರು. ದಾರಿಯುದ್ದಕ್ಕೂ ಅವರು ಸೊಂಟ ಎತ್ತಲಿಲ್ಲ, ಯಾರೂ ಭುಜ ಒತ್ತಿಹಿಡಿಯಬೇಕಾಗಲಿಲ್ಲ.

ಮೈಸೂರಿನಲ್ಲಿ ಒಪ್ಪಿಸಿದ ಚೀಟಿಯಲ್ಲಿ ಮುರಿತದ ವಿವರದ ಜೊತೆಗೆ ಇನ್ನೂ ನಾಲ್ಕು ಸಾಲು ಇದ್ದವು: ಗಟ್ಟಿ ಹಲಗೆಯ ಮೇಲೆ 12.10ರಿಂದ 1.25; ತ್ರಿಕಾಸ್ಥಿ ಮತ್ತು ಎಡ ಹಿಮ್ಮಡಿಯಲ್ಲಿ ಬಿಳಚಿಕೊಳ್ಳದ ಕೆಂಪು, ಮರುದಿನ ಬೆಳಿಗ್ಗೆ ಮತ್ತೆ ನೋಡಬೇಕು; ಬಲ ಪಾದದ ಬ್ಯಾಂಡೇಜ್ 1.30ಕ್ಕೆ ಕತ್ತರಿಸಿದೆ, ಆ ಮುಂಚೆ ಜೋಮು ಇತ್ತು, ಗಂಟೆಗೊಮ್ಮೆ ಪರೀಕ್ಷೆ ಬೇಕು; ಕಾಲರ್ ಸಿ.ಟಿ. ನೋಡಿ ತೆಗೆದದ್ದು, ಮತ್ತೆ ಹಾಕುವುದು ಬೇಡ.